ಪಣವಿಲ್ಲದ ಆಟ

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ನಿಷೇಧಿಸಿತು. ಮಸೂದೆ 20ರಂದು ಲೋಕಸಭೆಯಲ್ಲಿ, ಮರುದಿನ ರಾಜ್ಯಸಭೆಯಲ್ಲಿ ಅಂಗೀಕಾರವಾಯಿತು. 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕಾಯ್ದೆ ಆನ್‌ಲೈನ್ ಆಟಗಳನ್ನು ಮೂರು ಪಾಲು ಮಾಡುತ್ತದೆ. ಇ-ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳಿಗೆ ಪ್ರೋತ್ಸಾಹ, ಹಣದ ಆಟಕ್ಕೆ ಬಾಗಿಲು ಬಂದ್. ಹಣದ ಆಟ ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಡುವವರಿಗೆ 2 ವರ್ಷ, 50 ಲಕ್ಷ. ಆಡಿ ಕಳೆದುಕೊಂಡವರಿಗೆ ಶಿಕ್ಷೆ ಇಲ್ಲ. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿದ್ದ ಡ್ರೀಮ್ ಇಲೆವೆನ್ ಹೆಸರು ಕೆಲವೇ ದಿನಗಳಲ್ಲಿ ಇಳಿಯಿತು.

ಈ ಕಾಯ್ದೆಯ ತೂಕವಿರುವುದು ಹಣದ ಆಟದ ವ್ಯಾಖ್ಯಾನದಲ್ಲಿ. ಆಟ ಕೌಶಲದ್ದೋ ಅದೃಷ್ಟದ್ದೋ ಎರಡೂ ಬೆರೆತದ್ದೋ ಎಂದು ಅದು ಕೇಳುವುದಿಲ್ಲ. ದುಡ್ಡು ಕಟ್ಟಿ, ಹೆಚ್ಚು ದುಡ್ಡು ಬರುತ್ತದೆಂದು ಆಡಿದರೆ ಅದು ಹಣದ ಆಟ. ಎಪ್ಪತ್ತು ವರ್ಷಗಳಿಂದ ನ್ಯಾಯಾಲಯಗಳಲ್ಲಿ ನಡೆದು ಬಂದ ‘ಕೌಶಲ’ದ ವಾದವನ್ನು ಇಷ್ಟು ನೇರವಾಗಿ ಬದಿಗಿಟ್ಟ ಕಾನೂನು ದೇಶದಲ್ಲಿ ಬಂದಿದ್ದು ಅಪರೂಪ. ಅದು ಸರಿಯಾದ ಕೆಲಸ.

ಆ ವಾದಕ್ಕೆ ನಮ್ಮ ಸೀಮೆಯ ನಂಟೂ ಇದೆ. 1950ರ ದಶಕದಲ್ಲಿ ಬೆಂಗಳೂರಿನಿಂದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಇಂಗ್ಲಿಷ್ ವಾರಪತ್ರಿಕೆ ಹೊರಡುತ್ತಿತ್ತು. ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಅವರ ಕಂಪನಿ ನೋಂದಣಿಯಾಗಿದ್ದದ್ದು ಮೈಸೂರು ರಾಜ್ಯದಲ್ಲಿ, ಕಚೇರಿ ಇದ್ದದ್ದು ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ. ಆ ಪತ್ರಿಕೆಯ ಮೂಲಕ ಕಂಪನಿ ಪದಬಂಧದ ಬಹುಮಾನ ಸ್ಪರ್ಧೆ ನಡೆಸುತ್ತಿತ್ತು. ಬೊಂಬಾಯಿ ಸರ್ಕಾರ ಅದರ ಮೇಲೆ ತೆರಿಗೆ ಹಾಕಿತು, ಕೇಂದ್ರ ಸರ್ಕಾರ 1955ರಲ್ಲಿ ಬಹುಮಾನ ಸ್ಪರ್ಧೆಗಳ ಕಾಯ್ದೆ ತಂದಿತು, ಎರಡೂ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋದವು. 1957ರಲ್ಲಿ ಬಂದ ತೀರ್ಪುಗಳ ಸಾರ ಇಷ್ಟು: ಜೂಜು ವ್ಯಾಪಾರವೇ ಅಲ್ಲ, ಸಂವಿಧಾನದ ವ್ಯಾಪಾರ ಸ್ವಾತಂತ್ರ್ಯ ಅದಕ್ಕೆ ಸಿಗದು, ಗೆಲುವು ಬಹುಮಟ್ಟಿಗೆ ಕೌಶಲವನ್ನು ಅವಲಂಬಿಸಿದ ಸ್ಪರ್ಧೆಗಳು ಮಾತ್ರ ಬೇರೆ. ಮುಂದಿನ ರಮ್ಮಿ, ಕುದುರೆ ಜೂಜು, ಫ್ಯಾಂಟಸಿ ಕ್ರಿಕೆಟ್ ವಕಾಲತ್ತುಗಳೆಲ್ಲ ಆ ಕೊನೆಯ ಮಾತಿಗೇ ಜೋತುಬಿದ್ದವು.

ರಮ್ಮಿಯ ತೀರ್ಪು ಬಂದದ್ದು ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೇಲೆ ನಡೆದ ಪೊಲೀಸ್ ದಾಳಿಯಿಂದ. 1968ರ ತೀರ್ಪೆಂದು ಉಲ್ಲೇಖಗೊಳ್ಳುವ ಅದರಲ್ಲಿ ಸುಪ್ರೀಂ ಕೋರ್ಟ್, ಬಿದ್ದ ಎಲೆಗಳನ್ನು ನೆನಪಿಟ್ಟು, ಯಾವುದನ್ನು ಹಿಡಿಯಬೇಕು ಯಾವುದನ್ನು ಎಸೆಯಬೇಕೆಂದು ಲೆಕ್ಕ ಹಾಕಬೇಕಾದ್ದರಿಂದ ರಮ್ಮಿ ಹೆಚ್ಚಾಗಿ ಕೌಶಲದ ಆಟ ಎಂದಿತು. ಆನ್‌ಲೈನ್ ಕಂಪನಿಗಳು ಈ ಸಾಲನ್ನು ಹಣೆಪಟ್ಟಿ ಮಾಡಿಕೊಂಡವು. ಅದೇ ತೀರ್ಪಿನ ಇನ್ನೊಂದು ಮಾತನ್ನು ಜಾಹೀರಾತುಗಳು ಎಂದೂ ಹೇಳಲಿಲ್ಲ: ಪಣವಿಟ್ಟು ಆಡುವ ಆಟದಿಂದ ಕ್ಲಬ್ಬಿನ ಯಜಮಾನ ಲಾಭ ಮಾಡಿಕೊಳ್ಳುತ್ತಿದ್ದಾನೆಂಬುದಕ್ಕೆ ಸಾಕ್ಷ್ಯವಿದ್ದರೆ, ಆಟ ರಮ್ಮಿಯೇ ಆಗಿದ್ದರೂ ಅಪರಾಧ ಸಾಬೀತಾಗಬಹುದು. ಆಟ ಆಡಿಸುವವನ ಲಾಭವೇ ಇಡೀ ಆನ್‌ಲೈನ್ ದಂಧೆಯ ಬುಡ.

ಕರ್ನಾಟಕ ಈ ದಾರಿಯಲ್ಲಿ ಮೊದಲೇ ಒಮ್ಮೆ ನಡೆದು ಎಡವಿದೆ. ಆನ್‌ಲೈನ್ ಹಣದ ಆಟ ತಡೆಯಲು ರಾಜ್ಯದ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿ 2021ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕಾರಣ ಮತ್ತೆ ಅದೇ, ಕೌಶಲದ ಆಟ ಜೂಜಾಗುವುದಿಲ್ಲ. 2025ರ ಕೇಂದ್ರ ಕಾಯ್ದೆಯನ್ನು ಪ್ರಶ್ನಿಸಿದ ಮೊದಲ ಅರ್ಜಿ ಬಿದ್ದದ್ದೂ ಕರ್ನಾಟಕ ಹೈಕೋರ್ಟಿನಲ್ಲೇ. ಬಳಿಕ ಬೇರೆ ಬೇರೆ ಹೈಕೋರ್ಟುಗಳ ಅರ್ಜಿಗಳನ್ನೆಲ್ಲ ಸುಪ್ರೀಂ ಕೋರ್ಟ್ ತನ್ನಲ್ಲಿಗೆ ತರಿಸಿಕೊಂಡಿತು.

ಕೌಶಲವಾದಿಗಳಿಗೆ ಅತ್ಯಂತ ಹಳೆಯ ಉತ್ತರ ಮಹಾಭಾರತದ ಸಭಾಪರ್ವದಲ್ಲಿದೆ. ಕುಮಾರವ್ಯಾಸನನ್ನು ಗಮಕಿಗಳ ಬಾಯಲ್ಲಿ ಕೇಳಿ ಬೆಳೆದ ಸೀಮೆಗೆ ಈ ಪ್ರಸಂಗವನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಜೂಜಿಗೆ ಮುಂಚೆ ಶಕುನಿ ಮತ್ತು ಧರ್ಮರಾಯನ ನಡುವೆ ವ್ಯಾಸರು ತರುವ ಮಾತುಕತೆ ಇವತ್ತಿನ ವಕಾಲತ್ತಿನ ಎದುರು ಇಟ್ಟು ಓದುವಂಥದ್ದು. ಪಗಡೆಯಲ್ಲಿ ವಂಚನೆ ಇದೆ, ಅದು ಕ್ಷತ್ರಿಯನ ಪರಾಕ್ರಮವಲ್ಲ ಎಂದು ಧರ್ಮರಾಯ ಹಿಂಜರಿಯುತ್ತಾನೆ. ಶಕುನಿಯ ಸಮಾಧಾನ ಸಿದ್ಧವಾಗಿದೆ. ಬಲ್ಲವನು ಅರಿಯದವನನ್ನು ಎದುರಿಸುವುದು ಎಲ್ಲ ಕಡೆ ಇದೆ. ವಿದ್ವಾಂಸನೂ ಬಲಶಾಲಿಯೂ ಹಾಗೆಯೇ ಗೆಲ್ಲುತ್ತಾರೆ, ಅದನ್ನು ಜನ ಮೋಸ ಎನ್ನುವುದಿಲ್ಲ. ಹೆದರಿಕೆ ಇದ್ದರೆ ಆಡಬೇಡ. ಕೌಶಲದ ವಾದದ ಪೂರ್ಣ ಪಾಠ ಇದೇ. ಶಕುನಿ ಸುಳ್ಳು ಹೇಳುತ್ತಿಲ್ಲ, ಅವನು ನಿಜವಾಗಿಯೂ ಕುಶಲ. ಆ ಕೌಶಲವೇ ಒಡವೆ, ರಥ, ಆನೆ, ರಾಜ್ಯ, ನಕುಲ, ಸಹದೇವ, ಅರ್ಜುನ, ಭೀಮ, ಕಡೆಗೆ ಧರ್ಮರಾಯನನ್ನೂ ದ್ರೌಪದಿಯನ್ನೂ ಸರದಿಯಲ್ಲಿ ನುಂಗುತ್ತದೆ. ಸೋತವನು ಮತ್ತೆ ಕರೆದಾಗ ಮತ್ತೆ ಹೋಗಿ ಕೂರುತ್ತಾನೆ. ಎರಡನೆಯ ಆಟದ ಬೆಲೆ 12 ವರ್ಷ ವನವಾಸ, 1 ವರ್ಷ ಅಜ್ಞಾತವಾಸ. ಎದುರಾಳಿ ಕುಶಲನಾದಷ್ಟೂ ಪಣವಿಟ್ಟವನ ಅಪಾಯ ಹೆಚ್ಚು. ಆಟ ಕೌಶಲದ್ದು ಎಂದು ಸಾಬೀತಾದರೆ ಅಡ್ಡೆಗೆ ರಿಯಾಯಿತಿ ಎಂಬ ತರ್ಕ ಇಲ್ಲಿ ತಲೆಕೆಳಗಾಗುತ್ತದೆ.

ಫೋನಿನ ಅಡ್ಡೆ ಶಕುನಿಗಿಂತಲೂ ಸುರಕ್ಷಿತ ಜಾಗದಲ್ಲಿ ಕೂತಿದೆ, ಏಕೆಂದರೆ ಅದು ಆಡುವುದೇ ಇಲ್ಲ. ಇಬ್ಬರು ತಲಾ 50 ರೂಪಾಯಿ ಹಾಕುತ್ತಾರೆ ಎನ್ನೋಣ. ಒಟ್ಟು 100ರಲ್ಲಿ ಆಡಿಸುವವನು 10 ಹಿಡಿದು ಗೆದ್ದವನಿಗೆ 90 ಕೊಡುತ್ತಾನೆ. ಆ 90 ಮತ್ತೆ ಪಣಕ್ಕೆ ಬಂದರೆ ಉಳಿಯುವುದು 81. ಹತ್ತು ಸುತ್ತು ಮುಗಿಯುವಾಗ 100 ರೂಪಾಯಿಯಲ್ಲಿ ಆಟಗಾರರೆಲ್ಲರ ಬಳಿ ಸೇರಿ ಉಳಿದಿರುವುದು ಸುಮಾರು 35. ಇಪ್ಪತ್ತು ಸುತ್ತಿಗೆ ಸುಮಾರು 12. ಯಾರು ಕುಶಲ, ಯಾರು ಪೆದ್ದ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಹಿಂದೆ ಇಸ್ಪೀಟು ಅಡ್ಡೆಗೆ ಹೋಗುವವನು ಚಪ್ಪಲಿ ಮೆಟ್ಟಿ ಬೀದಿ ದಾಟಬೇಕಿತ್ತು, ಕೈಲಿದ್ದ ನೋಟು ಮುಗಿದರೆ ಎದ್ದು ಬರಬೇಕಿತ್ತು. 2016ರಲ್ಲಿ ಯುಪಿಐ ಬಂದ ಮೇಲೆ ಬ್ಯಾಂಕ್ ಖಾತೆಯೇ ಆಟದ ಚಾಪೆಯ ಮೇಲೆ ಬಂದು ಕೂತಿದೆ. ಮಸೂದೆ ಮಂಡಿಸುವಾಗ ಕೇಂದ್ರ ಸರ್ಕಾರ ಕೊಟ್ಟ ಅಂದಾಜಿನಂತೆ ಈ ಆಟಗಳಿಂದ 45 ಕೋಟಿ ಜನ ಬಾಧಿತರು, ಕಳೆದುಕೊಂಡ ಹಣ 20,000 ಕೋಟಿ ರೂಪಾಯಿಗೂ ಹೆಚ್ಚು.

ಕೆಸರೆಯಂಥ ಬಡಾವಣೆಗೆ ಇದು ದೆಹಲಿಯ ಸುದ್ದಿ ಮಾತ್ರವಲ್ಲ. ಮೈಸೂರಿನ ಅಂಚಿನ ಈ ಹಳ್ಳಿ ಹಂತ ಹಂತವಾಗಿ ಬಡಾವಣೆಯಾದದ್ದು. ಹೊಲ ಹೋಗಿ ಸೈಟು ಬಂತು, ಸೈಟು ಹೋಗಿ ಮನೆ ಬಂತು. 2024ರಲ್ಲಿ ಕೆಸರೆಯ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂದದ್ದೂ ನೆಲದ ವಿಷಯಕ್ಕೇ: ಸರ್ವೆ ನಂಬರ್ 464ರ 3 ಎಕರೆ 16 ಗುಂಟೆ, ಅದಕ್ಕೆ ಬದಲಾಗಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ (ಮುಡಾ) ಕೊಟ್ಟ 14 ನಿವೇಶನ. ಆ ವ್ಯಾಜ್ಯದ ಸರಿತಪ್ಪು ನ್ಯಾಯಾಲಯಕ್ಕೆ ಸೇರಿದ್ದು. ಆಟದ ಕಡೆಯಿಂದ ನೋಡಿದರೆ ಕಾಣುವುದು ಬೇರೆ. ಊರು ಬೆಳೆಯುವಾಗ ಗುಂಟೆಗುಂಟೆಗೂ ಲೆಕ್ಕವಿರುತ್ತದೆ, ಮಕ್ಕಳು ಓಡುವ ಜಾಗದ ಲೆಕ್ಕ ಯಾರ ಪುಸ್ತಕದಲ್ಲೂ ಇರುವುದಿಲ್ಲ. ಖಾಲಿ ಸೈಟಿನ ಟೆನಿಸ್ ಬಾಲ್ ಕ್ರಿಕೆಟ್ ಆ ಸೈಟಿಗೆ ಪಾಯ ತೋಡುವವರೆಗೆ. ಆಮೇಲೆ ಹುಡುಗರು ಕಟ್ಟೆಯ ಮೇಲೆ ಸಾಲಾಗಿ ಕೂತು ಫೋನು ಅಡ್ಡ ಹಿಡಿಯುತ್ತಾರೆ.

ಅಡ್ಡ ಹಿಡಿದ ಫೋನಿನಲ್ಲಿ ನಡೆಯುವುದೆಲ್ಲ ಜೂಜಲ್ಲ. ಪಬ್‌ಜಿ 2020ರ ಸೆಪ್ಟೆಂಬರ್ 2ರಂದು ಇತರ 117 ಆ್ಯಪ್‌ಗಳ ಜೊತೆ ನಿಷೇಧವಾಯಿತು. ಅದರ ಭಾರತೀಯ ರೂಪ ಬಿಜಿಎಂಐ 2021ರ ಜುಲೈನಲ್ಲಿ ಬಂತು, 2022ರ ಜುಲೈನಲ್ಲಿ ಹೋಯಿತು, 2023ರ ಮೇ ತಿಂಗಳಲ್ಲಿ ಮರಳಿತು. ಆ ಆಟದಲ್ಲಿ ನಾಲ್ವರ ತಂಡ ಎಲ್ಲಿ ಇಳಿಯಬೇಕು, ಯಾವಾಗ ಝೋನ್ ಒಳಗೆ ಓಡಬೇಕು, ಬಿದ್ದ ಗೆಳೆಯನನ್ನು ಎಬ್ಬಿಸಲು ಯಾರು ಹೋಗಬೇಕು ಎಂಬ ತೀರ್ಮಾನ ಕ್ಷಣಾರ್ಧದಲ್ಲಿ ಆಗುತ್ತದೆ, ಕೂಗಾಟದ ಕನ್ನಡದಲ್ಲೇ ಆಗುತ್ತದೆ. ಅದರ ಮೇಲೆ ಹೊತ್ತಿನ ದೂರು ಹೊರಿಸಬಹುದು, ಕಣ್ಣಿನ ದೂರು ಹೊರಿಸಬಹುದು; ರಮ್ಮಿ ಆ್ಯಪ್ ಜೊತೆ ಒಂದೇ ಹಗ್ಗದಲ್ಲಿ ಕಟ್ಟುವುದು ತಪ್ಪು. 2022ರ ಡಿಸೆಂಬರ್‌ನಲ್ಲಿ ಇ-ಸ್ಪೋರ್ಟ್ಸ್ ಕ್ರೀಡಾ ಸಚಿವಾಲಯದ ಅಡಿಗೆ ಬಂದದ್ದು, 2025ರ ಕಾಯ್ದೆ ಅದಕ್ಕೆ ಪ್ರವೇಶ ಶುಲ್ಕ, ಬಹುಮಾನಗಳನ್ನು ಬಿಟ್ಟುಕೊಟ್ಟು ಬಾಜಿಯನ್ನು ಮಾತ್ರ ತಡೆದದ್ದು ಸರಿಯಾದ ವಿಂಗಡಣೆ.

ಕೌಶಲ, ಅದೃಷ್ಟ ಎರಡೂ ಹದವಾಗಿ ಬೆರೆತ ಆಟಕ್ಕೆ ಒಳ್ಳೆಯ ಮಾದರಿ ಮೈಸೂರು ಸೀಮೆಯ ಚೌಕಾಬಾರ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು, 25 ಮನೆ. ಹೊರಸುತ್ತು 16, ಒಳಸುತ್ತು 8, ನಡುವೆ 1. ನಾಲ್ಕು ಕವಡೆ, ಇಲ್ಲವೇ ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಸೀಳಿದ ನಾಲ್ಕು ಹೋಳು. ನಾಲ್ಕೂ ಬಿಳಿ ಮೇಲಾದರೆ ಚೌಕ, ನಾಲ್ಕೂ ಮಗುಚಿದರೆ ಬಾರ ಎಂದರೆ ಎಂಟು. ಎರಡಕ್ಕೂ ಮತ್ತೊಂದು ಗರ. ಹೋಳುಗಳು ಸಮನಾಗಿದ್ದರೆ ಚೌಕ ಬೀಳುವುದು 16ಕ್ಕೆ 1 ಸಲ, ಬಾರವೂ ಅಷ್ಟೇ. ಎರಡು ಬೀಳುವುದು 16ಕ್ಕೆ 6 ಸಲ. ಈ ಲೆಕ್ಕವನ್ನು ಯಾವ ಅಜ್ಜಿಯೂ ಬರೆದಿಟ್ಟವಳಲ್ಲ, ಆದರೆ ಎದುರು ಕಾಯಿಯಿಂದ ಎರಡು ಮನೆ ಮುಂದೆ ತನ್ನ ಕಾಯಿಯನ್ನು ಬಿಡುವ ಮೊಮ್ಮಗನ ಕೈಯನ್ನು ಅವಳು ತಡೆಯುತ್ತಾಳೆ. ಆ ದೂರವೇ ಎಲ್ಲಕ್ಕಿಂತ ಅಪಾಯದ್ದು. ಗರ ಅದೃಷ್ಟದ್ದು, ನಾಲ್ಕು ಕಾಯಿಗಳಲ್ಲಿ ಯಾವುದನ್ನು ನಡೆಸಬೇಕೆಂಬುದು ಬುದ್ಧಿಯದು. ಒಂದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮ ಬಹಳ ಮನೆಗಳಲ್ಲಿದೆ. ಅದರಿಂದ ಹೆದರಿ ಕಟ್ಟೆಯಲ್ಲೇ ಕೂತವನು ಗೆಲ್ಲಲಾರ. ಇಷ್ಟೆಲ್ಲ ಇದ್ದೂ ಸೋತವನಿಗೆ ಕಳೆಯುವುದು ಒಂದು ಮಧ್ಯಾಹ್ನ.

ಇಂಥ ಆಟಗಳನ್ನು ಶಾಸ್ತ್ರವಾಗಿ ಕೂಡಿಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರ್. 1799ರಲ್ಲಿ ಮಗುವಾಗಿ ಪಟ್ಟವೇರಿದ ಅವರಿಂದ ಬ್ರಿಟಿಷರು 1831ರಲ್ಲಿ ಆಡಳಿತ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೆ ಅದು ಕೈಗೆ ಬರಲಿಲ್ಲ. ಆ ದೀರ್ಘ ಕಾಲದಲ್ಲಿ ಅರಮನೆ ಸಾಹಿತ್ಯ, ಚಿತ್ರ, ಸಂಗೀತಗಳ ಜೊತೆ ಆಟಗಳ ಶಾಲೆಯೂ ಆಯಿತು. ಒಂಬತ್ತು ನಿಧಿಗಳ ‘ಶ್ರೀತತ್ತ್ವನಿಧಿ’ಯಲ್ಲಿ ಕೊನೆಯದಾದ ಕೌತುಕನಿಧಿ ಪೂರಾ ಆಟಗಳಿಗೇ ಮೀಸಲು. ದಶಾವತಾರ ಗಂಜೀಫದಲ್ಲಿ 120 ಎಲೆ ಸಾಕಾಗಿದ್ದರೆ ಮುಮ್ಮಡಿಯವರು ಚದ ಎಂಬ ಹೊಸ ಎಲೆಯಾಟಗಳನ್ನೇ ಕಟ್ಟಿದರು. ಅವುಗಳಲ್ಲಿ ಚಾಮುಂಡೇಶ್ವರಿ ಚದಕ್ಕೆ 320 ಎಲೆ.

ಅವರ ನಿಜವಾದ ಹುಚ್ಚು ಚದುರಂಗದ ಕುದುರೆ. ಖಾಲಿ ಹಾಸಿನ 64 ಮನೆಗಳನ್ನೂ ಕುದುರೆ ಒಂದೊಂದೇ ಸಲ ಮುಟ್ಟಿ ಬರಬೇಕು. ಒಂಬತ್ತನೇ ಶತಮಾನದ ರುದ್ರಟನ ‘ಕಾವ್ಯಾಲಂಕಾರ’ದಲ್ಲೇ ಅರ್ಧ ಹಾಸಿನ ಈ ಸಮಸ್ಯೆ ಶ್ಲೋಕವಾಗಿ ಬಂದಿದೆ. ನಡು ಹಾಸಿನಲ್ಲಿ ಕುದುರೆಗೆ 8 ದಾರಿ, ಮೂಲೆಯಲ್ಲಿ ಬರೀ 2. ಮೂಲೆಯನ್ನು ಕಡೆಗೆ ಬಿಟ್ಟವನು ಸಿಕ್ಕಿಬೀಳುತ್ತಾನೆ. ಆದ್ದರಿಂದ ದಾರಿ ಕಡಿಮೆ ಇರುವ ಮನೆಗೇ ಮೊದಲು ಹೋಗಬೇಕೆಂದು ಜರ್ಮನಿಯ ವಾರ್ನ್ಸ್‌ಡೋರ್ಫ್ 1823ರಲ್ಲಿ ಸೂತ್ರ ಕೊಟ್ಟ. ಇನ್ನೂ ಕಠಿಣವಾದದ್ದು ನಡೆಯ ಕ್ರಮಸಂಖ್ಯೆಗಳನ್ನು ಮನೆಗಳಲ್ಲಿ ಬರೆದಾಗ ಪ್ರತಿ ಅಡ್ಡಸಾಲೂ ಕಂಬಸಾಲೂ ಒಂದೇ ಮೊತ್ತಕ್ಕೆ ಬರುವಂತೆ ಕುದುರೆಯನ್ನು ನಡೆಸುವುದು. 1ರಿಂದ 64ರವರೆಗಿನ ಮೊತ್ತ 2080, ಎಂಟು ಸಾಲಿಗೆ ಹಂಚಿದರೆ ತಲಾ 260. ಯುರೋಪಿನಲ್ಲಿ ಇದನ್ನು ಮೊದಲು ಸಾಧಿಸಿದವನು ಇಂಗ್ಲೆಂಡಿನ ಬೆವರ್ಲಿ, 1848ರಲ್ಲಿ. ಮುಮ್ಮಡಿಯವರ ನಡೆಗಳಲ್ಲೂ ಈ 260ರ ಕುದುರೆ ಇದೆ. ಎದುರಾಳಿ ಇಲ್ಲ, ಪಣ ಇಲ್ಲ, ಸೋಲಿಸಬೇಕಾದವರು ಯಾರೂ ಇಲ್ಲ. ಕೌಶಲ ಎಂಬುದು ಶುದ್ಧವಾಗಿ ಕಾಣುವುದು ಅಲ್ಲಿ. ಕೌಶಲದ ಹೆಸರಿನಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದವರ ಆಟಗಳಲ್ಲಿ ಪಣ ತೆಗೆದುಬಿಟ್ಟರೆ ಮರುದಿನ ಆಡುವವರು ಎಷ್ಟು ಜನ ಉಳಿಯುತ್ತಾರೆ ಎಂಬುದೇ ಸಾಕಾದ ಪರೀಕ್ಷೆ.

ಈ ಆಸ್ತಿಯನ್ನು ಮೈಸೂರಿನಲ್ಲಿ ಇವತ್ತಿಗೂ ಕಾಯುತ್ತಿರುವವರಿದ್ದಾರೆ. ರಾಮ್ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಹೆಸರಿನಲ್ಲಿ ಹಾಸಿನ ಆಟಗಳ ಪ್ರದರ್ಶನ ನಡೆಸಿಕೊಂಡು ಬಂದಿದೆ. ಪಗಡೆ, ಚೌಕಾಬಾರ, ಅಳಗುಳಿ ಮನೆ, ಆಡು-ಹುಲಿ ಎಲ್ಲ ಅಲ್ಲಿ ಕೊಳ್ಳಲು ಸಿಗುತ್ತವೆ. ಆದರೆ ಪ್ರದರ್ಶನಕ್ಕೆ ಬರುವವರು ಆಗಲೇ ಒಲವಿದ್ದವರು. ಕೆಸರೆಯ ಕಟ್ಟೆಯ ಹುಡುಗನ ತನಕ ಆಟ ಹೋಗಬೇಕಾದರೆ ಅದು ಬೀದಿಯಲ್ಲಿರಬೇಕು. ಹಂಪಿಯ ಮಂಟಪಗಳ ಕಲ್ಲುಹಾಸಿನ ಮೇಲೆ ಆಟದ ಮನೆಗಳ ಗೆರೆ, ಗುಳಿಗಳು ಇವತ್ತಿಗೂ ಇವೆ. ಕಲ್ಲಿಗೆ ಚಾರ್ಜ್ ಬೇಕಿಲ್ಲ, ಡೇಟಾ ಬೇಕಿಲ್ಲ.

ನಗರದ ಪಾರ್ಕುಗಳಲ್ಲಿ ವ್ಯಾಯಾಮದ ಕಬ್ಬಿಣದ ಸಲಕರಣೆ ಕೂರಿಸಲು ಪಾಲಿಕೆಗೆ ಹಣವಿದೆ. ಅದರ ಪಕ್ಕದಲ್ಲೇ, ನೆರಳಿರುವ ಕಡೆ, ಒಂದು ಚಪ್ಪಡಿಗೆ ಚೌಕಾಬಾರದ 25 ಮನೆ, ಇನ್ನೊಂದಕ್ಕೆ ಚದುರಂಗದ 64 ಮನೆ, ಮೂರನೆಯದಕ್ಕೆ ಅಳಗುಳಿಯ 14 ಗುಳಿ ಕೊರೆಸಿದರೆ ಕಲ್ಲುಕುಟಿಗರಿಗೆ ಕೆಲವು ದಿನದ ಕೆಲಸ. ಮೊದಲ ಚಪ್ಪಡಿ ಕೆಸರೆಯಲ್ಲಿ ಬೀಳಲಿ. ಪಾಲಿಕೆ ತಡಮಾಡಿದರೆ ಬಡಾವಣೆಯ ಸಂಘಗಳು, ಯುವಕ ಮಂಡಲಗಳು ಚಂದಾ ಎತ್ತಿಯಾದರೂ ಈ ಬೇಸಿಗೆ ರಜೆಯೊಳಗೆ ಮಾಡಿಸಬೇಕು.