ಒಂದೇ ಸಾಕ್ಷಿ, ಮೂರು ರುಜು

ಹೋಟಗಿ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಭಾಗದ ಕನ್ನಡವನ್ನು ಕುರಿತ ಸಂಶೋಧನ ಪ್ರಬಂಧಗಳು ಮಹಾಜನ ಆಯೋಗದಿಂದ ಆರಂಭವಾಗುವುದು ವಾಡಿಕೆ. 1966ರಲ್ಲಿ ನೇಮಕಗೊಂಡ ಆ ಆಯೋಗ ಮರುವರ್ಷ ಸಲ್ಲಿಸಿದ ವರದಿಯಲ್ಲಿ ಈ ಸೀಮೆಯೂ ಸೇರಿದಂತೆ 247 ಊರುಗಳನ್ನು ಕರ್ನಾಟಕಕ್ಕೂ, 264 ಊರುಗಳನ್ನು ಮಹಾರಾಷ್ಟ್ರಕ್ಕೂ ಕೊಡಬೇಕೆಂದು ಶಿಫಾರಸು ಮಾಡಿತು. ವರದಿಯ ಮಹತ್ವದ ಬಗ್ಗೆ ತಕರಾರಿಲ್ಲ. ತಕರಾರು ಅದನ್ನು ಬಳಸುವ ಕ್ರಮದ ಬಗ್ಗೆ. ವರದಿ, ಜನಗಣತಿ, ಜಿಲ್ಲಾ ಗ್ಯಾಸೆಟಿಯರ್ ಮೂರೂ ಒಂದೇ ಮಾತನ್ನು ಹೇಳುತ್ತವೆ, ಆದ್ದರಿಂದ ಅದು ಸಿದ್ಧವಾಯಿತು ಎಂಬುದು ಈ ಪ್ರಬಂಧಗಳ ತರ್ಕ. ಆದರೆ ಆಯೋಗದ ಮುಂದಿದ್ದುದು ಜನಗಣತಿಯ ಅಂಕಿಗಳು. ಗ್ಯಾಸೆಟಿಯರಿನ ಭಾಷಾ ವಿವರಕ್ಕೂ ಅವೇ ಮೂಲ. ಒಬ್ಬನೇ ಸಾಕ್ಷಿ ಮೂರು ಕಡೆ ರುಜು ಹಾಕಿದ್ದಾನೆ.

ದಾಖಲೆ ಅಸಲಿಯೇ, ನಂಬಲರ್ಹವೇ, ಪ್ರಾತಿನಿಧಿಕವೇ, ಅದರ ಅರ್ಥವೇನು ಎಂಬ ನಾಲ್ಕು ಪರೀಕ್ಷೆಗಳನ್ನು ಜಾನ್ ಸ್ಕಾಟ್ 1990ರಲ್ಲಿ ಮುಂದಿಟ್ಟರು. ನಮ್ಮವರು ಮೊದಲನೆಯದನ್ನು ಮೊಹರು ನೋಡಿ ಮುಗಿಸುತ್ತಾರೆ. ಕೊನೆಯದನ್ನು ಕೇಳುವುದು ಅಪರೂಪ. ಜನಗಣತಿಯ ‘ಮಾತೃಭಾಷೆ’ಯೆಂದರೆ ಬಾಲ್ಯದಲ್ಲಿ ತಾಯಿ ಆಡಿದ ನುಡಿ, ಇಂದು ಹೊಲದಲ್ಲಿ, ಸಂತೆಯಲ್ಲಿ ಆಡುವ ನುಡಿ ಆ ಅಂಕಣಕ್ಕೆ ಬೀಳುವುದಿಲ್ಲ. ಜನ ಹೇಳಿದ ಮಾತೃಭಾಷೆಗಳನ್ನು ಕಚೇರಿ ಮತ್ತೆ ದೊಡ್ಡ ಭಾಷೆಗಳಡಿ ಗುಂಪುಗೂಡಿಸುತ್ತದೆ: 2011ರ ಕೋಷ್ಟಕದಲ್ಲಿ ಲಮಾಣಿ ಇರುವುದು ಹಿಂದಿಯ ಕೆಳಗೆ. ಮೇಲಿನ ಸಾಲನ್ನಷ್ಟೇ ಓದಿದವರು ನಮ್ಮ ತಾಂಡಾಗಳನ್ನು ಹಿಂದಿ ಕೇರಿಗಳೆಂದು ಬರೆದಾರು!

ಅಕ್ಕಲಕೋಟ 1948ರವರೆಗೆ ಭೋಸಲೆ ಮನೆತನದ ಸಂಸ್ಥಾನ. ಅದರ ದಫ್ತರ ಮರಾಠಿಯದು. ಇಂದಿನ ಸಾತಬಾರಾ ಉತಾರೆಯೂ ಮರಾಠಿಯಲ್ಲೇ ಇದೆ. ಅದು ಕಚೇರಿಯ ಭಾಷೆಯನ್ನು ಹೇಳೀತೇ ಹೊರತು ಹೊಲದೊಡೆಯನ ಮನೆಮಾತನ್ನಲ್ಲ. ಆದರೂ ಅಂಥ ಕಾಗದವನ್ನು ಬದಿಗಿಡಬೇಕಾಗಿಲ್ಲ. ಅದರೊಳಗಿನ ಊರುಗಳ, ಮನೆತನಗಳ ಹೆಸರುಗಳನ್ನು ಬರೆದ ಗುಮಾಸ್ತನಿಗೆ ಭಾಷೆಯ ಬಗ್ಗೆ ಸಾಕ್ಷಿ ನುಡಿಯುವ ಉದ್ದೇಶವಿರಲಿಲ್ಲ. ಆ ಕಾರಣಕ್ಕೇ ಅವು ಬೆಲೆಯುಳ್ಳವು. ನಾಗಣಸೂರಿನಂಥ ಹೆಸರು ನೆಲೆಯ ಹಳಮೆಯನ್ನು ತೋರಿಸುತ್ತದೆ, ಇಂದಿನ ಮಾತನ್ನು ತೋರಿಸದು ಎಂಬ ಎಚ್ಚರವೂ ಬೇಕು.

ಹೆಚ್ಚು ಅಪಾಯವಿರುವುದು ಕನ್ನಡ ಶಾಲೆಗಳ ದಾಖಲಾತಿ ಪುಸ್ತಕದಲ್ಲಿ. ಮಕ್ಕಳ ಸಂಖ್ಯೆ ಇಳಿದರೆ ‘ಕನ್ನಡ ಅಳಿಯುತ್ತಿದೆ’ ಎಂದು ಬರೆಯುವುದು ಸುಲಭ. ಶಿಕ್ಷಕರ ಹುದ್ದೆ ಖಾಲಿ ಇತ್ತೇ, ನೌಕರಿಯ ಆಸೆಯಿಂದ ಪಾಲಕರು ಮರಾಠಿ ಶಾಲೆಗೆ ಕಳಿಸಿದರೇ ಎಂಬುದಕ್ಕೆ ಆ ಪುಸ್ತಕದಲ್ಲಿ ಅಂಕಣವಿಲ್ಲ. ನಮ್ಮ ಪ್ರಬಂಧವೋ ನಾಳೆ ಶಾಲೆ ಮುಚ್ಚುವ ಕಡತದಲ್ಲಿ ಆಧಾರವಾಗಿ ಸೇರಿಕೊಳ್ಳಬಲ್ಲದು. ದಾಖಲಾತಿಯ ಪಕ್ಕದಲ್ಲಿ ಅದೇ ವರ್ಷಗಳ ಶಿಕ್ಷಕರ ಹಾಜರಿಯನ್ನಿಟ್ಟು, ಹೆಸರು ತೆಗೆಸಿದ ಮಕ್ಕಳ ಮನೆಗಳಿಗೆ ಹೋಗಿ ಕೇಳಿದ ಮೇಲೆಯೇ ಆ ವಾಕ್ಯವನ್ನು ಬರೆಯಬೇಕೋ ಬೇಡವೋ ಎಂಬ ಪ್ರಶ್ನೆ ಹುಟ್ಟುತ್ತದೆ.