ಬಿಲ್ಲು ಕಳಿಸದ ಆಸ್ಪತ್ರೆ, ಕೂಡಿಟ್ಟ ದೇಣಿಗೆ

ಚಿಕಿತ್ಸೆಗೆ ಬಂದ ಯಾವ ಮಗುವಿನ ಮನೆಗೂ ಬಿಲ್ಲು ಕಳಿಸುವುದಿಲ್ಲ ಎಂಬುದು ಅಮೆರಿಕದ ಮೆಂಫಿಸ್ ನಗರದ ಸೇಂಟ್ ಜೂಡ್ ಮಕ್ಕಳ ಸಂಶೋಧನಾ ಆಸ್ಪತ್ರೆ ಕೊಟ್ಟ ಮಾತು. ವಿಮೆ ಇದ್ದರೆ ಕಂಪನಿಯಿಂದ ವಸೂಲು ಮಾಡುತ್ತದೆ. ಉಳಿದದ್ದು ತಂದೆತಾಯಿಯ ತಲೆಗೆ ಬರುವುದಿಲ್ಲ. ಕ್ಯಾನ್ಸರಿಗೆಂದು ಹೊಲ ಮಾರಿದವರನ್ನು, ತಾಳಿ ಅಡವಿಟ್ಟವರನ್ನು ಕಂಡಿರುವ ನಮಗೆ ಆ ಮಾತಿನ ಬೆಲೆ ಬಿಡಿಸಿ ಹೇಳಬೇಕಿಲ್ಲ. ಅದನ್ನು ನಡೆಸಿಕೊಡುತ್ತಿರುವುದು ಹೆಚ್ಚಾಗಿ ಸಾಮಾನ್ಯರ ದುಡ್ಡು. ಟಿ.ವಿ. ಜಾಹೀರಾತು ಕೇಳುವುದು ತಿಂಗಳಿಗೆ 19 ಡಾಲರ್.

ಲೆಬನಾನಿನಿಂದ ವಲಸೆ ಬಂದವರ ಮಗನಾದ ಹಾಸ್ಯನಟ ಡ್ಯಾನಿ ಥಾಮಸ್ ತಮ್ಮ ಸಮುದಾಯದವರನ್ನು ಕೂಡಿಸಿ 1957ರಲ್ಲಿ ಈ ಆಸ್ಪತ್ರೆಗಾಗಿ ಅಲ್ಸಾಕ್ ಎಂಬ ಸಂಸ್ಥೆ ಕಟ್ಟಿದರು. ಹಣ ಎತ್ತುವುದು ಅಲ್ಸಾಕ್ ಕೆಲಸ, ಚಿಕಿತ್ಸೆ ಮತ್ತು ಸಂಶೋಧನೆ ಆಸ್ಪತ್ರೆಯದು. 1962ರಲ್ಲಿ ಆಸ್ಪತ್ರೆ ಬಾಗಿಲು ತೆರೆದಾಗ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗೆ ಬೇರೆ ವಾರ್ಡು ಇರುತ್ತಿತ್ತು; ಇಲ್ಲಿ ಇರಲಿಲ್ಲ. ಕಟ್ಟಡದ ನಕ್ಷೆಯನ್ನು ಸಂಭಾವನೆಯಿಲ್ಲದೆ ಮಾಡಿಕೊಟ್ಟವರು ಕಪ್ಪು ವಾಸ್ತುಶಿಲ್ಪಿ ಪಾಲ್ ವಿಲಿಯಮ್ಸ್.

ದೇಣಿಗೆ ಹಣ ಏನು ಮಾಡಬಲ್ಲದು ಎಂಬುದಕ್ಕೆ ರಕ್ತದ ಕ್ಯಾನ್ಸರಿನ ಚರಿತ್ರೆಯೇ ಸಾಕ್ಷಿ. ಆಸ್ಪತ್ರೆ ತೆರೆದ ಕಾಲದಲ್ಲಿ, ಮಕ್ಕಳಲ್ಲಿ ಹೆಚ್ಚು ಕಾಣುವ ಲ್ಯುಕೇಮಿಯಾದಲ್ಲಿ ನೂರಕ್ಕೆ ನಾಲ್ವರು ಉಳಿದರೆ ಹೆಚ್ಚು. ಒಂದು ಔಷಧಿ ಸೋತರೆ ಇನ್ನೊಂದು, ಹೀಗೆ ಕೆಲವು ತಿಂಗಳು ಮುಂದೂಡುವುದಷ್ಟೇ ವೈದ್ಯರ ಕೈಲಿತ್ತು. ಮೊದಲ ನಿರ್ದೇಶಕ ಡೊನಾಲ್ಡ್ ಪಿಂಕೆಲ್ ಹಲವು ಔಷಧಿಗಳನ್ನು ಒಟ್ಟಿಗೆ ಕೊಟ್ಟರು. ರೋಗ ಮಿದುಳಿನಲ್ಲಿ ಅಡಗಿ ಮರಳುತ್ತದೆಂದು ಅಲ್ಲಿಗೆ ವಿಕಿರಣವನ್ನೂ ಕೊಟ್ಟರು. 1970ರ ದಶಕದ ಆರಂಭಕ್ಕೆ ಸುಮಾರು ಅರ್ಧದಷ್ಟು ಮಕ್ಕಳು ಬದುಕತೊಡಗಿದರು. ಮುಂದಿನ ಹೆಜ್ಜೆಯನ್ನು ನಾನು ಇನ್ನೂ ದೊಡ್ಡದೆಂದು ಎಣಿಸುತ್ತೇನೆ. ಆ ವಿಕಿರಣ ಬೆಳೆಯುವ ಮಿದುಳಿಗೆ ಹಾನಿ ಮಾಡುತ್ತದೆಂದು ಕಂಡುಬಂದಿತ್ತು. ಔಷಧಿಯನ್ನು ಸರಿಯಾಗಿ ಹೊಂದಿಸಿದರೆ ವಿಕಿರಣವೇ ಬೇಡ ಎಂದು 2009ರಲ್ಲಿ ತೋರಿಸಿಕೊಟ್ಟದ್ದೂ ಇದೇ ಆಸ್ಪತ್ರೆ. ತನಗೆ ಹೆಸರು ತಂದ ಚಿಕಿತ್ಸೆಯನ್ನು ತಾನೇ ತಿದ್ದಲು ದಶಕಗಟ್ಟಲೆ ಕಾಯಬೇಕು. ವರ್ಷದೊಳಗೆ ಫಲ ಕೇಳುವ ಹಣದಿಂದ ಅದು ಆಗುವುದಿಲ್ಲ.

ಇಷ್ಟು ಹೊಗಳಿದ ಮೇಲೆ ಲೆಕ್ಕಪುಸ್ತಕವನ್ನೂ ತೆರೆಯಲೇಬೇಕು. 2021ರಲ್ಲಿ ಪ್ರೊಪಬ್ಲಿಕಾ ಎಂಬ ತನಿಖಾ ಪತ್ರಿಕಾ ಸಂಸ್ಥೆ ಆಸ್ಪತ್ರೆಯೇ ಸಲ್ಲಿಸಿದ್ದ ದಾಖಲೆಗಳನ್ನು ಓದಿ ಬರೆಯಿತು. ಐದು ವರ್ಷಗಳಲ್ಲಿ ಬಂದ 730 ಕೋಟಿ ಡಾಲರ್ ದೇಣಿಗೆಯಲ್ಲಿ ಚಿಕಿತ್ಸೆ, ಸಂಶೋಧನೆಗೆ ಹೋದದ್ದು ಸುಮಾರು ಅರ್ಧ. ಶೇ. 30ರಷ್ಟು ಹಣ ಎತ್ತುವುದಕ್ಕೇ ಖರ್ಚಾಗಿತ್ತು, ಶೇ. 20ರಷ್ಟು ಮೀಸಲು ನಿಧಿ ಸೇರಿತ್ತು. ಆ ನಿಧಿ ಆಗಲೇ 520 ಕೋಟಿ ಡಾಲರ್ ಮುಟ್ಟಿತ್ತು. ಅದೇ ಕಾಲದಲ್ಲಿ ಅಲ್ಲಿನ ಕೆಲವು ತಂದೆತಾಯಿಯರು ಕೆಲಸ ಕಳೆದುಕೊಂಡು, ಮನೆ ಬಾಡಿಗೆಗೂ ಓಡಾಟಕ್ಕೂ ಮಂದಿಯ ಮುಂದೆ ಕೈಯೊಡ್ಡಿದ್ದರು. ವರದಿಯ ನಂತರ ಆಸ್ಪತ್ರೆ ಪ್ರಯಾಣ, ಊಟ, ವಸತಿಯ ನೆರವನ್ನು ಹೆಚ್ಚಿಸಿತು. ಒಳ್ಳೆಯದೇ ಆಯಿತು, ಆದರೆ ಪತ್ರಿಕೆ ಬರೆಯುವವರೆಗೆ ಕಾಯಬೇಕಿರಲಿಲ್ಲ. ಕೆಟ್ಟ ಕಾಲಕ್ಕೆಂದು ಒಂದಿಷ್ಟು ಕೂಡಿಡುವುದು ತಪ್ಪಲ್ಲ, ಸಂಶೋಧನೆಗೆ ಅದು ಬೇಕೇ ಬೇಕು. ಆದರೂ ಮಗುವಿನ ಮುಖ ತೋರಿಸಿ ಕೇಳಿದ ಹಣದಲ್ಲಿ ಮಗುವಿನ ಪಕ್ಕ ಕೂತ ತಾಯಿಯ ಪಾಲು ಮೊದಲು ಇರಬೇಕು.

ಹಾಗಿದ್ದೂ ನಮ್ಮ ಫೋನುಗಳಿಗೆ ದಿನವೂ ಬರುವ ಮನವಿಗಳಿಗಿಂತ ಆಸ್ಪತ್ರೆಗೇ ಕೊಡುವ ಈ ದಾರಿ ಮೇಲು ಎಂದೇ ನನ್ನ ತೀರ್ಮಾನ. ನಮ್ಮಲ್ಲಿ ಒಂದೊಂದು ಮಗುವೂ ಪ್ರತ್ಯೇಕವಾಗಿ ಬೇಡಬೇಕು. ಮೂಗಿಗೆ ನಳಿಗೆ ಹಾಕಿದ ಫೋಟೋ, ಅಳುವ ತಾಯಿಯ ವಿಡಿಯೋ. ಫೋಟೋ ತೆಗೆಸಿ ಹಂಚಲು ಬಾರದ ಮನೆಯ ಮಗುವಿಗೆ ಪಾಲೇ ಇಲ್ಲ. ಹೀಗೆ ಬಂದ ಹಣ ಒಂದು ಮಗುವಿಗೆ ನೆರವಾಗಬಹುದು, ಆದರೆ ಮುಂದಿನ ಮಗುವಿಗಾಗಿ ಪ್ರಯೋಗಾಲಯ ಕಟ್ಟುವುದಿಲ್ಲ, ದಾದಿಯರಿಗೆ ತರಬೇತಿ ಕೊಡುವುದಿಲ್ಲ.

ಕೊಡುವ ಮನಸ್ಸಿರುವವರು ಮಕ್ಕಳ ಆಸ್ಪತ್ರೆಗೆ, ಅದರ ಸಂಶೋಧನಾ ನಿಧಿಗೆ, ರಾಯಚೂರು, ಕಲಬುರಗಿಯಿಂದ ಬೆಂಗಳೂರಿಗೆ ಬಂದು ತಿಂಗಳುಗಟ್ಟಲೆ ಉಳಿಯಬೇಕಾದ ಕುಟುಂಬಗಳ ಧರ್ಮಶಾಲೆಗೆ ಕೊಡಿ. ಕೊಟ್ಟ ಮೇಲೆ ವರ್ಷಕ್ಕೊಮ್ಮೆ ಲೆಕ್ಕಪತ್ರವನ್ನೂ ಕೇಳಿ.