ಪ್ರತಿನಾಯಕನಿಗಾಗಿ ಕಣ್ಣೀರು

ಹಳೆಯ ಮೈಸೂರು ಪ್ರಾಂತದ ಹಳ್ಳಿಗಳಲ್ಲಿ, ಸುಗ್ಗಿ ಮುಗಿದು ಜಾತ್ರೆ ಉತ್ಸವಗಳು ಮೊದಲಾದ ಮೇಲೆ, ಊರವರೇ ವೇಷ ಕಟ್ಟಿ 'ಕುರುಕ್ಷೇತ್ರ' ನಾಟಕವನ್ನಾಡುವ ಪದ್ಧತಿಯು ಇಂದಿಗೂ ಉಳಿದು ಬಂದಿದೆ. ಹಾರ್ಮೋನಿಯಂ ಮೇಷ್ಟರು ಬಹು ದಿನಗಳಿಂದ ಪಾಠ ಹೇಳಿಕೊಟ್ಟಿರುತ್ತಾರೆ. ಆಟವು ರಾತ್ರಿಯೆಲ್ಲ ನಡೆದು, ಗದಾಯುದ್ಧದ ಘಟ್ಟಕ್ಕೆ ಬರುವ ವೇಳೆಗೆ ಬೆಳಗಿನ ಜಾವವಾಗಿರುತ್ತದೆ. ಮಕ್ಕಳು ಚಾಪೆಯ ಮೇಲೆ ನಿದ್ದೆ ಹೋಗಿದ್ದರೂ ಹಿರಿಯರು ಕಣ್ಣು ಮುಚ್ಚಿರುವುದಿಲ್ಲ. ಕಥೆಯನ್ನರಿಯದವರು ಆ ಸಭೆಯಲ್ಲಿ ಒಬ್ಬರೂ ಇಲ್ಲ. ದುರ್ಯೋಧನನು ಬೀಳುವನೆಂಬುದನ್ನೂ, ಅವನು ಬೀಳತಕ್ಕವನೇ ಎಂಬುದನ್ನೂ ಎಲ್ಲರೂ ಬಲ್ಲರು. ಆದರೂ ಭೀಮನ ಗದೆಯು ಅವನ ತೊಡೆಗೆ ಬಿದ್ದ ಕೂಡಲೆ ಸಭೆಯು ನಿಶ್ಶಬ್ದವಾಗುತ್ತದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಧರ್ಮವು ಜಯಿಸಿದ ಹೊತ್ತಿನಲ್ಲಿ ಈ ಕಣ್ಣೀರು ಏತಕ್ಕೆ?

ಈ ಪ್ರಶ್ನೆಗೆ ಶಾಸ್ತ್ರಗಳಲ್ಲಿ ಸುಲಭವಾದ ಉತ್ತರ ದೊರೆಯುವುದಿಲ್ಲ. ಕರುಣರಸಕ್ಕೆ ಶೋಕವು ಸ್ಥಾಯಿಯೆಂದೂ, ಇಷ್ಟಜನರ ವಿಯೋಗ ವಿನಾಶಾದಿಗಳಿಂದ ಆ ಶೋಕವು ಹುಟ್ಟುವುದೆಂದೂ ಭರತನ ನಾಟ್ಯಶಾಸ್ತ್ರವು ಹೇಳುತ್ತದೆ. ದುರ್ಯೋಧನನು ಆ ಪ್ರೇಕ್ಷಕರಲ್ಲಿ ಯಾರಿಗೂ ಇಷ್ಟನಲ್ಲ. ಗ್ರೀಕ್ ದೇಶದ ಅರಿಸ್ಟಾಟಲನಾದರೋ, ಕೇವಲ ದುಷ್ಟನಾದವನ ಪತನವು ಅನುಕಂಪವನ್ನಾಗಲಿ ಭಯವನ್ನಾಗಲಿ ಹುಟ್ಟಿಸಲಾರದೆಂದು ಸ್ಪಷ್ಟವಾಗಿ ನುಡಿದಿದ್ದಾನೆ. ಹೀಗೆ ಪೂರ್ವ ಪಶ್ಚಿಮಗಳ ಇಬ್ಬರು ಆಚಾರ್ಯರೂ ಕೈಬಿಟ್ಟ ಕಣ್ಣೀರು ಇದು. ಆದುದರಿಂದ ನಾಟಕಗಳನ್ನೇ ಕೇಳಿ ನೋಡಬೇಕು.

ರನ್ನನ 'ಗದಾಯುದ್ಧ'ವು ಹತ್ತನೆಯ ಶತಮಾನದ ಕೊನೆಯ ಕಾಲದ್ದು. ಅದರ ನಾಯಕನು ಭೀಮ. ಭೀಮನೊಡನೆ ಕವಿಯು ತನ್ನ ಒಡೆಯನಾದ ಚಾಲುಕ್ಯ ಸತ್ಯಾಶ್ರಯನನ್ನು ಅಭೇದವಾಗಿ ಎಣಿಸಿದ್ದಾನೆ. ಹಾಗಿದ್ದರೂ ಕಾವ್ಯವನ್ನು ಓದಿದವರ ಮನಸ್ಸಿನಲ್ಲಿ ನಿಲ್ಲುವವನು ದುರ್ಯೋಧನನೇ. ಅವನು ಸಂಜಯನೊಡನೆ ರಣಭೂಮಿಯಲ್ಲಿ ಹೆಣಗಳ ನಡುವೆ ನಡೆದು ಹೋಗುವ ಭಾಗವನ್ನು ನೆನೆಯಬೇಕು. ದ್ರೋಣನ ಕಳೇಬರವನ್ನು ಕಾಣುತ್ತಾನೆ. ಅಭಿಮನ್ಯುವನ್ನು ಕಂಡು, ಶತ್ರುವಿನ ಮಗನೆಂಬುದನ್ನು ಮರೆತು ಹೊಗಳಿ, ಅವನದರಲ್ಲಿ ಲೇಶಮಾತ್ರವಾದರೂ ಸರಿದೊರೆಯಾದ ಮರಣವು ತನಗೂ ಬರಲೆಂದು ಹಾರೈಸುತ್ತಾನೆ. ತನ್ನ ಮಗ ಲಕ್ಷಣನನ್ನು ಕಂಡು, ಮಗನಿಂದ ತಂದೆಗೆ ಸಲ್ಲಬೇಕಾದ ತರ್ಪಣವು ತಂದೆಯಿಂದ ಮಗನಿಗೆ ಸಲ್ಲುವಂತಾಯಿತೆಂದು ಮರುಗುತ್ತಾನೆ. ದುಶ್ಶಾಸನನನ್ನೂ ಕರ್ಣನನ್ನೂ ಕಂಡು ಕುಸಿಯುತ್ತಾನೆ. ಶ್ರೀ ಬಿ. ಎಂ. ಶ್ರೀಕಂಠಯ್ಯನವರು ಈ ಚಂಪುವಿನೊಳಗೆ ಅಡಗಿದ್ದ ನಾಟಕವನ್ನು ಕಂಡು, ರನ್ನನ ಮಾತುಗಳಿಂದಲೇ 'ಗದಾಯುದ್ಧ ನಾಟಕಂ' ಎಂಬುದನ್ನು ರಚಿಸಿದರು. ಹಳಗನ್ನಡದ ವೃತ್ತಗಳು ರಂಗದ ಮೇಲೆ ಕಿವಿಗೆ ಬಿದ್ದೊಡನೆ ಅರ್ಥವಾಗುವುದು ಕಷ್ಟವೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಅವರು ಆರಿಸಿಕೊಂಡುದರಲ್ಲಿ ತಪ್ಪಿಲ್ಲ. ಕಾವ್ಯದ ನಾಯಕನು ಯಾರೇ ಆಗಿರಲಿ, ರಂಗದ ನಾಯಕನು ಯಾರೆಂಬುದನ್ನು ಅವರು ಕಂಡುಕೊಂಡರು.

ಇದೇ ಕಥೆಯನ್ನು ಸಂಸ್ಕೃತದಲ್ಲಿ ಬೇರೊಂದು ಬಗೆಯಾಗಿ ನಡೆಸಿದ ರೂಪಕವು 'ಊರುಭಂಗ'. ಭಾಸನದೆಂದು ಹೇಳಲಾಗುವ ಈ ಏಕಾಂಕವನ್ನು, ಇತರ ರೂಪಕಗಳೊಡನೆ, ಶ್ರೀ ಟಿ. ಗಣಪತಿ ಶಾಸ್ತ್ರಿಗಳು ತಿರುವನಂತಪುರದಲ್ಲಿ 1912ರಿಂದ ಪ್ರಕಟಿಸತೊಡಗಿದರು. ಇಲ್ಲಿ ದುರ್ಯೋಧನನು ತೊಡೆ ಮುರಿದು ನೆಲದ ಮೇಲೆ ತೆವಳುತ್ತ ಬರುತ್ತಾನೆ. ಕುರುಡನಾದ ತಂದೆ, ಕಣ್ಣು ಕಟ್ಟಿಕೊಂಡ ತಾಯಿ, ರಾಣಿಯರು, ಎಳೆಯ ಮಗ ದುರ್ಜಯ, ಎಲ್ಲರೂ ಅವನನ್ನು ಹುಡುಕಿಕೊಂಡು ಬರುತ್ತಾರೆ. ಮಗುವು ಎಂದಿನಂತೆ ತಂದೆಯ ತೊಡೆಯನ್ನೇರಿ ಕುಳಿತುಕೊಳ್ಳಲು ಬಯಸುತ್ತದೆ. ತಂದೆಯು ತಡೆಯಬೇಕಾಗುತ್ತದೆ. ಏಕೆ ತಡೆಯುವುದೆಂದು ಮಗುವು ಕೇಳುತ್ತದೆ.

ಕವಿಯು ಇಲ್ಲಿ ದೀರ್ಘವಾದ ವಿಲಾಪವನ್ನು ಬರೆಯಲಿಲ್ಲ. ಬರೆಯಬೇಕಾದ ಅಗತ್ಯವೂ ಇರಲಿಲ್ಲ. ದ್ಯೂತಸಭೆಯಲ್ಲಿ ದ್ರೌಪದಿಗೆ ತೋರಿಸಿದ ತೊಡೆಯು ಯಾವುದೆಂಬುದು ಪ್ರೇಕ್ಷಕನಿಗೆ ತಿಳಿದಿದೆ. ಅದನ್ನು ಮುರಿಯುವೆನೆಂದು ಭೀಮನು ಶಪಥ ಮಾಡಿದುದೂ ತಿಳಿದಿದೆ. ಈಗ ಅದೇ ಸ್ಥಳವನ್ನು ಏನೂ ಅರಿಯದ ಹಸುಳೆಯೊಂದು ತನ್ನದೆಂದು ಕೇಳುತ್ತಿದೆ. ಕೊಡಲು ತಂದೆಗೆ ಶಕ್ತಿಯಿಲ್ಲ. ತಂದೆಯ ಪಾಪವನ್ನೂ ಮಗುವಿನ ಮುಗ್ಧತೆಯನ್ನೂ ಒಂದೇ ತೊಡೆಯು ಹೊತ್ತಿದೆ. ಕಥೆಯನ್ನು ಮೊದಲೇ ಬಲ್ಲುದರಿಂದ ಪ್ರೇಕ್ಷಕನ ದುಃಖವು ಕಡಮೆಯಾಗುವುದಿಲ್ಲ. ಬಲ್ಲುದರಿಂದಲೇ ಅದು ಹುಟ್ಟುತ್ತದೆ. ಸಭಾಪರ್ವವನ್ನು ಕೇಳದವನಿಗೆ ಇದು ಗಾಯಗೊಂಡ ತಂದೆಯೊಬ್ಬನ ನೋವು ಮಾತ್ರ. ಕೇಳಿದವನಿಗೆ, ತಾನೇ ಮಾಡಿದುದರ ಫಲವನ್ನು ಮಗುವಿನ ಮುಖದಲ್ಲಿ ಕಾಣಬೇಕಾದವನ ನೋವು.

ಇದರಿಂದ ಒಂದು ವಿಷಯವು ಸಿದ್ಧವಾಗುತ್ತದೆ. ಪ್ರತಿನಾಯಕನ ಪಾಪವನ್ನು ಮರೆತು ಪ್ರೇಕ್ಷಕನು ಅಳುವುದಿಲ್ಲ. ಪಾಪವು ಕಣ್ಣೆದುರಿನಲ್ಲಿ ಇರುವಾಗಲೇ ಅಳುತ್ತಾನೆ. ಕಥೆಯಲ್ಲಿ ದುರ್ಯೋಧನನೆಂದರೆ ಒಂದು ಹೆಸರು, ಒಂದು ತೀರ್ಪು. ರಂಗದ ಮೇಲೆ ಅವನು ಒಬ್ಬ ಮನುಷ್ಯ. ಅವನಿಗೆ ಮೈಯಿದೆ, ಉಸಿರಿದೆ, ಹತ್ತಿರ ಬರುವ ಮಗನಿದ್ದಾನೆ. ತೀರ್ಪು ನ್ಯಾಯವಾದುದೆಂದು ಒಪ್ಪಿಕೊಂಡವನೇ, ಆ ತೀರ್ಪು ಒಬ್ಬ ಮನುಷ್ಯನ ಮೈಮೇಲೆ ಇಳಿಯುವುದನ್ನು ನೋಡಬೇಕಾಗುತ್ತದೆ. ಧರ್ಮಕ್ಕೂ ಬೆಲೆಯುಂಟೆಂಬುದು, ಆ ಬೆಲೆಯನ್ನು ಯಾರೋ ಒಬ್ಬರು ತೆರಬೇಕೆಂಬುದು, ಆಗ ಅವನಿಗೆ ಹೊಳೆಯುತ್ತದೆ.

ಶ್ರೀಕಂಠಯ್ಯನವರ ಇನ್ನೊಂದು ನಾಟಕವಾದ 'ಅಶ್ವತ್ಥಾಮನ್' (1929) ಈ ಮಾತಿಗೆ ಕಠಿಣವಾದ ಪರೀಕ್ಷೆಯನ್ನು ಒಡ್ಡುತ್ತದೆ. ಸಾಫೋಕ್ಲೀಸನ 'ಅಯಾಸ್' ನಾಟಕದಲ್ಲಿ ವೀರನೊಬ್ಬನು ಉನ್ಮಾದದಲ್ಲಿ ದನಕುರಿಗಳನ್ನು ಶತ್ರುಗಳೆಂದು ಬಗೆದು ಕೊಂದು, ಬುದ್ಧಿ ತಿಳಿದ ಮೇಲೆ ನಾಚಿಕೆ ತಾಳಲಾರದೆ ಪ್ರಾಣ ಬಿಡುತ್ತಾನೆ. ಆ ಚೌಕಟ್ಟಿನಲ್ಲಿ ದ್ರೋಣಪುತ್ರನನ್ನು ನಿಲ್ಲಿಸಿದುದೇ ಇವರ ಸಾಹಸ. ಪುರಾಣದ ಅಶ್ವತ್ಥಾಮನು ಚಿರಂಜೀವಿ. ಮಲಗಿದ್ದ ಪಾಂಡವ ಕುಮಾರರನ್ನು ಕೊಂದು, ನೆತ್ತಿಯ ಮಣಿಯನ್ನು ಕಳೆದುಕೊಂಡು, ಶಾಪಗ್ರಸ್ತನಾಗಿ ಅಲೆಯತಕ್ಕವನು. ನಾಟಕದಲ್ಲಿ ಅವನು ಸಾಯುತ್ತಾನೆ. ಚಿರಂಜೀವಿಯನ್ನು ಕೊಲ್ಲುವ ಅಧಿಕಾರವು ಕವಿಗೆ ಉಂಟೆ ಎಂದು ಸಂಪ್ರದಾಯಸ್ಥರು ಕೇಳಿದರೆ ಅದು ಹಗುರವಾದ ಪ್ರಶ್ನೆಯಲ್ಲ. ಸಾಯಲಾರದ ಶಿಕ್ಷೆಯೆಂಬ ಮಹಾಭಾರತದ ಭಯಂಕರವಾದ ಕಲ್ಪನೆಯು ಇಲ್ಲಿ ನಷ್ಟವಾಯಿತೆಂಬುದು ನಿಜ. ಆದರೆ ಲಾಭವೂ ಉಂಟು. ಪುರಾಣದಲ್ಲಿ ಶಿಕ್ಷೆಯು ಕೃಷ್ಣನ ಶಾಪದಿಂದ, ಹೊರಗಿನಿಂದ ಬರುತ್ತದೆ. ನಾಟಕದಲ್ಲಿ ಅದು ಅಪರಾಧಿಯ ಎದೆಯಿಂದಲೇ ಏಳುತ್ತದೆ. ತನ್ನನ್ನು ತಾನೇ ಕ್ಷಮಿಸಲಾರದವನನ್ನು ಕಂಡಾಗ, ಕ್ಷಮಿಸುವ ಹೊರೆಯು ಪ್ರೇಕ್ಷಕನ ಪಾಲಿಗೆ ಬರುತ್ತದೆ. ಶ್ರೀಕಂಠಯ್ಯನವರು ಇಂತಹ ಕೃತಿಗಳಿಗೆ 'ರುದ್ರನಾಟಕ'ವೆಂಬ ಹೆಸರನ್ನು ಬಳಕೆಗೆ ತಂದುದು ಸಾರ್ಥಕವಾಗಿದೆ. ಬರಿಯ ಶೋಕಾಂತವೆಂದರೆ ಅದರಲ್ಲಿನ ಭೀತಿಯು ಬಿಟ್ಟುಹೋಗುತ್ತದೆ.

ಕುವೆಂಪು ಅವರ 'ಬೆರಳ್‌ಗೆ ಕೊರಳ್' (1947) ನಾಟಕದಲ್ಲಿ ಅನ್ಯಾಯಕ್ಕೆ ಗುರಿಯಾದವನು ಏಕಲವ್ಯ; ಅವನಿಗಾಗಿ ಮರುಗುವುದರಲ್ಲಿ ಆಶ್ಚರ್ಯವಿಲ್ಲ. ಆ ನಾಟಕದ ನಿಜವಾದ ಬಲವಿರುವುದು, ಬೆರಳನ್ನು ಪಡೆದ ದ್ರೋಣನಿಗಾಗಿಯೂ ಮನಸ್ಸು ಕರಗುವಂತೆ ಮಾಡುವುದರಲ್ಲಿ. ಏಕಲವ್ಯನ ತಾಯಿಯ ಶಾಪವು ಬೆರಳಿಗೆ ಪ್ರತಿಯಾಗಿ ಕೊರಳನ್ನು ಬೇಡುತ್ತದೆ. ದ್ರೋಣಪರ್ವವನ್ನು ಬಲ್ಲ ಪ್ರೇಕ್ಷಕನಿಗೆ ಆ ಕೊರಳು ಯಾರದು, ಅದನ್ನು ಕತ್ತರಿಸುವವನು ಯಾರು ಎಂಬುದು ತಿಳಿದೇ ಇದೆ. ಕಾಡಿನಲ್ಲಿ ನಿಂತಿರುವ ಆಚಾರ್ಯನ ಹಿಂದೆ ಕುರುಕ್ಷೇತ್ರದ ನೆರಳು ಬಿದ್ದಿರುತ್ತದೆ.

ಇನ್ನು ವೃತ್ತಿರಂಗಭೂಮಿಯ ಮಾತು. ಶ್ರೀ ಗುಬ್ಬಿ ವೀರಣ್ಣನವರ ಕಂಪನಿಯು 1934ರಲ್ಲಿ ಆನೆ ಕುದುರೆಗಳನ್ನು ರಂಗಕ್ಕೆ ತಂದು 'ಕುರುಕ್ಷೇತ್ರ'ವನ್ನಾಡಿ ನಾಡನ್ನೇ ಬೆರಗುಗೊಳಿಸಿತು. ಆ ಸಾಹಸವು ಸ್ಮರಣೀಯವಾದುದೇ. ಆದರೆ ಕಣ್ಣು ಆನೆಯ ಕಡೆಗೆ ಹೋದ ನಿಮಿಷದಲ್ಲಿ ಮನಸ್ಸು ದುರ್ಯೋಧನನನ್ನು ಬಿಟ್ಟಿರುತ್ತದೆ. ಹಾಡಿನ ವಿಷಯ ಬೇರೆ. ಮಾತಿಗೆ ನಿಲುಕದ ದುಃಖವನ್ನು ಕಂಪನಿ ನಾಟಕದ ಕಂದವೊಂದು ಎಷ್ಟೋ ವೇಳೆ ಹಿಡಿದು ಕೊಟ್ಟಿದೆ. ಕಥೆಯು ಒಂದು ಗಳಿಗೆ ನಿಂತು, ಕೇಳುವವನ ಹೃದಯವು ಘಟನೆಯನ್ನು ಸೇರಿಕೊಳ್ಳಲು ಅವಕಾಶವಾಗುತ್ತದೆ. ಆ ಹಾಡಿಗೆ 'ವನ್ಸ್‌ಮೋರ್' ಎಂಬ ಕೂಗು ಎದ್ದು, ಸತ್ತವನು ಎದ್ದು ನಿಂತು ಮತ್ತೆ ಹಾಡಿ ಮತ್ತೆ ಸತ್ತರೆ, ಅಲ್ಲಿ ಉಳಿಯುವುದು ಸಂಗೀತವೇ ಹೊರತು ಕರುಣವಲ್ಲ.

ಇದಕ್ಕಿಂತ ದೊಡ್ಡದಾದ ದೋಷವೊಂದುಂಟು. ದುರ್ಯೋಧನನನ್ನು ನಿರಪರಾಧಿಯನ್ನಾಗಿ ಮಾಡಿ, ಪಾಂಡವರನ್ನೂ ಕೃಷ್ಣನನ್ನೂ ಕಪಟಿಗಳನ್ನಾಗಿ ಚಿತ್ರಿಸಿ, ಪ್ರೇಕ್ಷಕರ ಕನಿಕರವನ್ನು ಸಂಪಾದಿಸುವ ದಾರಿ ಅದು. ಚಪ್ಪಾಳೆ ಬೇಗನೆ ಬೀಳುತ್ತದೆ. ಆದರೆ ಸಭಾಪರ್ವವನ್ನು ಅಳಿಸಿದ ಮೇಲೆ ಊರುಭಂಗದಲ್ಲಿ ಉಳಿಯುವುದೇನು? ದ್ರೌಪದಿಯ ಅವಮಾನವನ್ನು ಹಗುರ ಮಾಡಿ ಪಡೆದ ಕನಿಕರವು ಅಗ್ಗದ ಕನಿಕರ. ರನ್ನನು ಹಾಗೆ ಮಾಡಲಿಲ್ಲ. ಅವನ ಕಾವ್ಯದಲ್ಲಿ ದ್ರೌಪದಿಯ ಮುಡಿಯು ಬಿಚ್ಚಿಯೇ ಇರುತ್ತದೆ, ಭೀಮನ ಕೋಪವು ನ್ಯಾಯವಾದುದಾಗಿಯೇ ಇರುತ್ತದೆ, ಅದರೊಳಗೆಯೇ ದುರ್ಯೋಧನನು ದೊಡ್ಡವನಾಗಿ ಬೀಳುತ್ತಾನೆ.

ಜಿಲ್ಲೆಯ ಸಂಘಗಳವರು ಈ ನಾಟಕಗಳನ್ನು ಆಡುವಾಗ, ಹೊತ್ತಾಯಿತೆಂದು ಮೊದಲು ಕತ್ತರಿ ಹಾಕುವುದು ರಣಭೂಮಿಯ ದೃಶ್ಯಕ್ಕಾಗಬಾರದು. ಗದೆಗಳ ಹೊಡೆದಾಟವನ್ನು ಕಾಲು ಗಂಟೆ ಮೊಟಕು ಮಾಡಿದರೆ ನಷ್ಟವೇನೂ ಇಲ್ಲ. ಶತ್ರುವಿನ ಮಗನ ಹೆಣದ ಮುಂದೆ ದುರ್ಯೋಧನನು ತಲೆಬಾಗಿಸಿ ನಿಲ್ಲುವ ಆ ಎರಡು ನಿಮಿಷಗಳನ್ನು ಬಿಟ್ಟರೆ, ಬೆಳಗಿನ ಜಾವದವರೆಗೆ ಎಚ್ಚರವಾಗಿ ಕುಳಿತವರು ಕಾದುದಕ್ಕೆ ಅರ್ಥವಿಲ್ಲದೆ ಹೋಗುತ್ತದೆ.